ಅರ್ಧ ಬಾಯಿಯ ತಮ್ಮ, ತುಂಬು ಬಾಯಿಯ ಅಣ್ಣ

ಚಿಂತಾಕಿ, ತಾ. ಔರಾದ
೧೯-೨-೨೦೨೪, ಸೋಮವಾರ

ಪ್ರೀತಿಯ ಮಗಳು ಮಲ್ಲೇಶ್ವರಿಗೆ,

ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರ ಮೂರೂ ಕೂಡುವ ಈ ನೆಲದಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಾಯಿ ನೋಡಿ ಗುಣ ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯ, ಬೀದರದ ಕಂಪ್ಯೂಟರ್ ಅಂಗಡಿಯವರು ಯಾರನ್ನು ಕಂಡರೆ ಕುರ್ಚಿ ಬಿಟ್ಟು ಏಳುತ್ತಾರೋ, ದೊಡ್ಡ ದೊಡ್ಡ ಇಂಜಿನಿಯರರು ಯಾರ ಹತ್ತಿರ ಸಂಶಯ ಕೇಳಲು ಸರದಿ ಹಚ್ಚುತ್ತಾರೋ, ಆ ನಿನ್ನ ಕಾಕಾ ಮಡೆಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನಿಮ್ಮವ್ವನ ಮೊಣಕಾಲು ಹೇಗಿದೆ, ಮೊದಲು ಅದನ್ನು ಬರೆ. ಆಪರೇಷನ್ ಆದ ಮೇಲೆ ದವಾಖಾನೆಯಲ್ಲಿ ನಡೆಸುತ್ತಿದ್ದಾರೋ, ಇನ್ನೂ ಮಲಗಿಸಿಯೇ ಇಟ್ಟಿದ್ದಾರೋ? ನಿಮ್ಮವ್ವ ನನಗೆ ವೈನಿ ಆದರೂ ಹೇಳುತ್ತೇನೆ, ಹಟಮಾರಿ ಹೆಂಗಸು. ನರ್ಸಮ್ಮ ಎರಡು ಹೆಜ್ಜೆ ಹಾಕು ಎಂದರೆ ಬಾಗಿಲತನಕ ಹೋಗಿ ಬರುವವಳು. ಅವಳಿಗೆ ಹೇಳು, ಎಮ್ಮೆ ಅವಳಿಲ್ಲದಿದ್ದರೂ ಹಾಲು ಕೊಡುತ್ತಿದೆ, ಒಂದು ಪಾವು ಹೆಚ್ಚೇ ಕೊಡುತ್ತಿದೆ. ಈ ಮಾತು ಕೇಳಿದರೆ ಸಿಟ್ಟಿನಲ್ಲಾದರೂ ಬೇಗ ಗುಣವಾದಾಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಹೈದರಾಬಾದಿನ ಅನ್ನ ತಿಂದು ತಿಂದು ನಿನ್ನ ನಾಲಿಗೆ ಸಪ್ಪೆಯಾಗಿರಬೇಕು ಎಂದು ನಿನ್ನ ಕಾಕಿ ಸಖುಬಾಯಿ ಕಟಕ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿದ್ದಾಳೆ. ಔರಾದದಿಂದ ಹೈದರಾಬಾದಿಗೆ ಬಸ್ಸು ನಡೆಸುವ ನಿಜಾಮೋದ್ದೀನ ನಾಳೆ ಬೆಳಿಗ್ಗೆ ಗಂಟು ಒಯ್ಯುತ್ತಾನೆ. ಈ ಪತ್ರವೂ ಅದೇ ಗಂಟಿನಲ್ಲಿ ರೊಟ್ಟಿಯ ನಡುವೆ ಬರುತ್ತದೆ. ಅಕ್ಷರಕ್ಕೆ ಖಾರ ಹತ್ತಿದ್ದರೆ ನನ್ನ ತಪ್ಪಲ್ಲ.

ನಿನ್ನೆಯಿಂದ ನೀನು ನಿನ್ನ ಗೆಳತಿ ಮಹಾಮಾಯಾಗೆ ಫೋನು ಮಾಡಿ ಮಾಡಿ ಬೈದಿರಬೇಕು. ಅವಳನ್ನು ಬೈಯಬೇಡ. ಔರಾದದಲ್ಲಿ ಏನಾಯಿತು ಎಂಬುದನ್ನು ನಾನು ಬರೆಯುವತನಕ ಬಾಯಿ ಬಿಡಬಾರದು ಎಂದು ಆ ಹುಡುಗಿಯಿಂದ ಆಣೆ ಮಾಡಿಸಿಕೊಂಡವನು ನಾನೇ. ಅವಳು ಒಳ್ಳೆಯವಳು, ಆದರೆ ಅವಳಿಗೆ ಸುದ್ದಿ ಹೇಳಲು ಬರುವುದಿಲ್ಲ. ‘ಆಯ್ತು’ ಅಥವಾ ‘ಆಗಲಿಲ್ಲ’ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾಳೆ. ಇಷ್ಟು ದೊಡ್ಡ ಕೆಲಸವನ್ನು ಒಂದು ಮಾತಿನಲ್ಲಿ ಮುಗಿಸಿದರೆ ಮಾಡಿದವನ ಗತಿ ಏನು?

ನೀನು ಹೋದ ದಿನದಿಂದ ಹೇಳುತ್ತೇನೆ. ಔರಾದದ ಬುದ್ಧ ವಿಹಾರದ ಹಿಂದೆ ಸಮುದಾಯ ಭವನ ಕಟ್ಟುವ ಕಮಿಟಿಯವರು ಬೀದರದ ಒಂದು ಕಂಪನಿಗೂ ನಿನಗೂ ಒಂದೇ ಮಾತು ಹೇಳಿದ್ದರು. ಕಟ್ಟುವ ಮೊದಲು ಆ ಭವನದ ಒಳಗೆ ಅಡ್ಡಾಡಿದ ಹಾಗೆ ಕಂಪ್ಯೂಟರಿನಲ್ಲಿ ತೋರಿಸಿ, ಯಾರದು ಮನಸ್ಸಿಗೆ ಬರುತ್ತದೋ ಅವರಿಗೆ ನಕ್ಷೆಯಿಂದ ಹಿಡಿದು ಉಸ್ತುವಾರಿಯವರೆಗೆ ಪೂರ್ತಿ ಕೆಲಸ. ಭಾಲ್ಕಿಯ ಎರಡು ಕೋಣೆಯ ಮನೆಗಳ ಚಿತ್ರ ಮಾಡಿಕೊಂಡಿದ್ದ ನಿನಗೆ ಇಂಥ ಕೆಲಸ ಮೊದಲನೆಯದು. ಭಾನುವಾರ ತೋರಿಸಬೇಕು. ಅಷ್ಟರಲ್ಲಿ ನಿನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟು ವಾಸನೆ ಬಂತು, ಅದೇ ವಾರ ವೈನಿಯ ಆಪರೇಷನ್ನಿನ ತಾರೀಕೂ ಬಂತು. ಕಾರ್ಡಿನ ದುಡ್ಡು ನನ್ನ ಕೈಯಲ್ಲಿ ಇಡುತ್ತ ನೀನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: “ಕಾಕಾ, ಮಹಾಮಾಯಾಗ ಕರ್ಕೊಂಡು ಹೋಗು. ಅಕಿ ಯಾವ್ದು ಅಂತಾಳ ಅದೇ ತಗೋ. ನಿನ್ನ ಶಾಣ್ಯಾತನ ಅಲ್ಲಿ ತೋರಸಬ್ಯಾಡ.” ಮಂದಿಯೆಲ್ಲ ಕೇಳುವ ಹಾಗೆ ಹೇಳಿದೆ. ಕಂಡಕ್ಟರ್ ನಕ್ಕ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಆದರೆ ಮರೆಯಲೂ ಇಲ್ಲ.

ಬುಧವಾರ ನಾನು ಒಬ್ಬನೇ ಬೀದರಕ್ಕೆ ಹೊರಟೆ. ಇದರಲ್ಲಿ ನಿನ್ನ ಮಾತು ಮೀರುವ ಉದ್ದೇಶ ಇರಲಿಲ್ಲ. ಮಹಾಮಾಯಾ ಭಾಲ್ಕಿಯಲ್ಲಿ ನೀವಿಬ್ಬರೂ ಕೆಲಸ ಮಾಡುವ ಕೋಣೆಯಲ್ಲಿ ತನ್ನ ಸಣ್ಣ ಲ್ಯಾಪ್‌ಟಾಪಿನಲ್ಲಿ ಭವನದ ಸುತ್ತ ಬೇವಿನ ಗಿಡ ನೆಡುತ್ತಿದ್ದಳು. ಗಿಡ ನೆಡುವವರನ್ನು ನಡುವೆ ಎಬ್ಬಿಸಬಾರದು. ನಿನ್ನ ಕಾಕಿ ಮಾತ್ರ ಬಾಗಿಲಲ್ಲಿ ನಿಂತು, “ಟಿವಿ ಚಾಲೂ ಮಾಡ್ಲಿಕ್ಕ ಬಾಜು ಮನಿ ಹುಡುಗ್ರನ್ನ ಕರೀತೀರಿ, ಕಾರ್ಡ ತರ್ಲಿಕ್ಕ ಒಬ್ಬರೇ ಹೊಂಟೀರಿ. ಸಂತಿಗಿ ಹೊಂಟೇನಿ ಅಂತ ತಿಳ್ಕೊಂಡೀರೇನು?” ಎಂದಳು. ಅವಳು ಚೇಷ್ಟೆಗೆ ಹೇಳಿದ್ದರೂ ನನಗೆ ಅಲ್ಲೇ ಬುದ್ಧಿ ಹೊಳೆಯಿತು. ಭಾಲ್ಕಿಯ ಕುರಿ ಸಂತೆಯಲ್ಲಿ ಈ ವಯಸ್ಸಿನವರೆಗೆ ನನಗೆ ಒಬ್ಬನೂ ಮೋಸ ಮಾಡಿಲ್ಲ. ಟಗರು ಆದರೇನು, ಕಾರ್ಡು ಆದರೇನು? ಎರಡೂ ದುಡ್ಡು ಕೊಟ್ಟು ತರುವಂಥವು, ಎರಡನ್ನೂ ತಂದ ಮೇಲೆ ಗುಣ ತಿಳಿಯುವುದು.

ಬೀದರದ ಉದಗೀರ ರಸ್ತೆಯಲ್ಲಿ ಯುನುಸ ಎಂಬ ಹುಡುಗನ ಅಂಗಡಿ. ಹುಡುಗ ಎನ್ನುತ್ತೇನೆ, ಗಡ್ಡದಲ್ಲಿ ನಾಲ್ಕು ಬೆಳ್ಳಿ ಕೂದಲಿವೆ. “ಏನ್ ಬೇಕ್ರಿ ಚಾಚಾ?” ಎಂದ. ಗ್ರಾಫಿಕ್ಸ್ ಕಾರ್ಡು ಎಂದೆ. “ಗೇಮ್ ಆಡ್ಲಿಕ್ರಿ, ಕೆಲಸಕ್ರಿ?” ಎಂದ. ಕೊಳ್ಳುವವನು ಮೊದಲೇ ತನ್ನ ಅವಸರ ಹೇಳಬಾರದು. “ನೀ ಮೊದಲ ಮಾಲ್ ತೋರಸಪಾ, ಆಮ್ಯಾಲ ನೋಡಮು,” ಎಂದು ಕುರ್ಚಿ ಎಳೆದುಕೊಂಡು ಕುಳಿತೆ. ಅವನು ಎರಡು ಡಬ್ಬಿ ಇಟ್ಟ. ಒಂದರ ಮೇಲೆ ೩೦೬೦, ಇನ್ನೊಂದರ ಮೇಲೆ ೪೦೬೦ ಎಂದು ಬರೆದಿತ್ತು. ಯುನುಸ ಅವುಗಳನ್ನು ತೀಸ್‌ಸಾಠ್, ಚಾಲೀಸ್‌ಸಾಠ್ ಎಂದು ಕರೆದ. ಒಂದೇ ತಾಯಿಯ ಮಕ್ಕಳಂತೆ, ದೊಡ್ಡದು ಹುಟ್ಟಿ ಒಂದೆರಡು ವರ್ಷದ ಮೇಲೆ ಚಿಕ್ಕದು ಹುಟ್ಟಿದ್ದಂತೆ. ಹಾಗಾದರೆ ಮೂವತ್ತರದ್ದು ಅಣ್ಣ, ನಲವತ್ತರದ್ದು ತಮ್ಮ ಎಂದು ನಾನು ಹೆಸರಿಟ್ಟೆ. ನೀನೂ ಹಾಗೇ ತಿಳಿದುಕೋ.

ಮಾರುವವರು ಎಲ್ಲ ಕಡೆಯೂ ಒಂದೇ ಜಾತಿ. ಯುನುಸ ತಮ್ಮನ ಬೆನ್ನು ತಟ್ಟುತ್ತ, “ಇದೇ ಒಯ್ರಿ ಚಾಚಾ, ಲೇಟೆಸ್ಟ್ ಅದ, ಎಲ್ಲಾ ಹುಡುಗ್ರು ಇದನ್ನೇ ಒಯ್ತಾರ,” ಎಂದ. ಎಲ್ಲರೂ ಒಯ್ಯುವುದನ್ನು ನಾನು ಯಾವತ್ತೂ ಒಯ್ದವನಲ್ಲ. ಇಬ್ಬರ ಗುಣವನ್ನೂ ಒಂದೊಂದಾಗಿ ಹೇಳು ಎಂದು ಹಟ ಹಿಡಿದೆ. ಅವನು ಇಂಗ್ಲಿಷಿನಲ್ಲಿ ಹೇಳುತ್ತ ಹೋದ, ನಾನು ಅದನ್ನು ನಮ್ಮ ಭಾಷೆಗೆ ತಂದುಕೊಳ್ಳುತ್ತ ಹೋದೆ.

ಮೊದಲು ಮೆಮರಿ. ಅಣ್ಣನದು ಹನ್ನೆರಡು ಜಿಬಿ, ತಮ್ಮನದು ಎಂಟು. ಮೆಮರಿ ಎಂದರೆ ಕುರಿ ಕೂಡಿಹಾಕುವ ದೊಡ್ಡಿ. ಕಂಪ್ಯೂಟರು ಕೆಲಸಕ್ಕೆ ಕೂರುವ ಮೊದಲು ಚಿತ್ರದ ಸಾಮಾನೆಲ್ಲ ಆ ದೊಡ್ಡಿಯೊಳಗೆ ಬಂದು ನಿಲ್ಲಬೇಕು. ದೊಡ್ಡಿ ಚಿಕ್ಕದಾದರೆ ಉಳಿದವು ಹೊರಗೆ. ಆಮೇಲೆ ದೊಡ್ಡಿಯ ಬಾಗಿಲು. ಅಣ್ಣನ ಬಾಗಿಲಿನ ಅಗಲ ನೂರಾ ತೊಂಬತ್ತೆರಡು ಬಿಟ್, ತಮ್ಮನದು ನೂರಾ ಇಪ್ಪತ್ತೆಂಟು. ಅದಕ್ಕೇ ಅಣ್ಣನ ದೊಡ್ಡಿಯಿಂದ ಒಂದು ಸೆಕೆಂಡಿಗೆ ಮುನ್ನೂರಾ ಅರವತ್ತು ಜಿಬಿ ಹೊರಬಿದ್ದರೆ ತಮ್ಮನದರಿಂದ ಇನ್ನೂರಾ ಎಪ್ಪತ್ತೆರಡು. ಮಂದೆ ಕಾಯುವ ಕೂಲಿಗಳಿಗೆ ಅವರು ಕೋರ್ ಎನ್ನುತ್ತಾರೆ. ಅಣ್ಣನ ಹತ್ತಿರ ಮೂರೂವರೆ ಸಾವಿರದ ಮೇಲೆ, ತಮ್ಮನ ಹತ್ತಿರ ಮೂರು ಸಾವಿರದ ಮೇಲೆ ಸ್ವಲ್ಪ. ಇಲ್ಲಿಯವರೆಗೆ ಎಲ್ಲದರಲ್ಲೂ ಅಣ್ಣನೇ ದೊಡ್ಡವನು. “ಮತ್ತ ಈ ಸಣ್ಣಾಂವಗ ಯಾಕ ರೊಕ್ಕ ಜಾಸ್ತಿ?” ಎಂದು ಕೇಳಿದೆ. ಯುನುಸ, “ಚಾಚಾ, ಮಂದಿ ಎಣಿಸಬ್ಯಾಡ್ರಿ, ಓಟ ನೋಡ್ರಿ,” ಎಂದ. ಅದೂ ಖರೆ. ತಮ್ಮನ ಕೂಲಿಗಳು ಹೊಸ ತಳಿಯವರು, ಒಬ್ಬೊಬ್ಬರೂ ಹೆಚ್ಚು ಕೆಲಸ ಮಾಡುತ್ತಾರೆ, ನಡಿಗೆಯೂ ಚುರುಕು. ಅಣ್ಣ ಜೋರು ಹಿಡಿದರೆ ಸಾವಿರದ ಏಳುನೂರು ಚಿಲ್ಲರೆ ಮೆಗಾಹರ್ಟ್ಸ್, ತಮ್ಮ ಸುಮ್ಮನೆ ಎರಡು ಸಾವಿರದ ನಾಲ್ಕುನೂರು ದಾಟುತ್ತಾನೆ. ಮೇಲಾಗಿ ಮೇವು ಕಡಿಮೆ. ಅಣ್ಣನಿಗೆ ನೂರಾ ಎಪ್ಪತ್ತು ವ್ಯಾಟು ಕರೆಂಟು ಬೇಕು, ತಮ್ಮನಿಗೆ ನೂರಾ ಹದಿನೈದು ಸಾಕು. ಇನ್ನೊಂದು ವಿದ್ಯೆಯೂ ತಮ್ಮನಿಗೆ ಬರುತ್ತದೆ. ಆಟ ಆಡುವಾಗ ಎರಡು ಚಿತ್ರದ ನಡುವೆ ಇಲ್ಲದ ಒಂದು ಚಿತ್ರವನ್ನು ತಾನೇ ಹುಟ್ಟಿಸಿ ಸೇರಿಸುತ್ತಾನಂತೆ. ನಾಲ್ಕು ಕುರಿ ಇದ್ದರೆ ನಡುನಡುವೆ ಮೂರು ಸೇರಿಸಿ ಏಳು ಎಂದು ತೋರಿಸಿದ ಹಾಗೆ. ಇಂಥ ಲೆಕ್ಕ ಹೇಳುವವರು ನಮ್ಮ ಊರಿನಲ್ಲೂ ಇದ್ದಾರೆ, ಅವರ ಹೆಸರು ಬರೆಯುವುದಿಲ್ಲ.

ಹೇಳುವುದೆಲ್ಲ ಹೇಳಲಿ, ಕೊನೆಗೆ ಹಲ್ಲು ನೋಡದೆ ನಾನು ಮಾಲು ಹಿಡಿಯುವುದಿಲ್ಲ. ಇದು ನಿಮ್ಮ ಮುತ್ಯಾ, ನಮ್ಮಪ್ಪ, ಕಲಿಸಿದ ಪಾಠ. ಟಗರಿಗೆ ಮೊದಲು ಎರಡು ದೊಡ್ಡ ಹಲ್ಲು, ಆಮೇಲೆ ನಾಲ್ಕು, ಆರು, ಎಂಟಾದರೆ ಬಾಯಿ ತುಂಬಿತು. ಅಲ್ಲಿಂದ ಮುಂದೆ ಹಲ್ಲು ಬೀಳತೊಡಗಿದರೆ ಮುದಿ. ಮಾರುವವನು ಎಣ್ಣೆ ಹಚ್ಚಿ ಮೈ ಮಿಂಚಿಸಬಹುದು, ಕೊಂಬಿಗೆ ಬಣ್ಣ ಹಚ್ಚಬಹುದು, ಬಾಯಿಯೊಳಗೆ ಮಾತ್ರ ಸುಳ್ಳು ನಡೆಯುವುದಿಲ್ಲ. ಕಾರ್ಡಿಗೂ ಕೆಳಗಿನ ಅಂಚಿನಲ್ಲಿ ಸಾಲಾಗಿ ಬಂಗಾರದ ಬಣ್ಣದ ಹಲ್ಲುಗಳಿವೆ, ಅವುಗಳಿಂದಲೇ ಅದು ಕಂಪ್ಯೂಟರನ್ನು ಕಚ್ಚಿ ಹಿಡಿಯುತ್ತದೆ. ಡಬ್ಬಿ ತೆರೆಸಿದೆ. ಅಣ್ಣನ ಬಾಯಿ ನೋಡಿದೆ, ಈ ತುದಿಯಿಂದ ಆ ತುದಿಗೆ ತುಂಬು ಬಾಯಿ, ಜೋಳದ ತೆನೆಯ ಹಾಗೆ. ತಮ್ಮನ ಬಾಯಿ ನೋಡಿದೆ ಮಗಳೇ, ಅರ್ಧಕ್ಕೆ ಹಲ್ಲು ಮುಗಿದಿದ್ದವು. ಉಳಿದರ್ಧ ಬೋಳು ವಸಡು.

ನಾನು ಅದನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡೆ. “ಯುನುಸಾ, ಮುದಿ ಟಗರಿಗಿ ಹೊಸಾ ಡಬ್ಬಿ ಹಾಕಿ ಮಾರ್ತೀ ಏನಪಾ? ಇದರ ಹಲ್ಲು ಎಲ್ಲಿ ಹೋದವು?” ಎಂದೆ. ಅಂಗಡಿಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಯುನುಸ ಗಾಬರಿಯಾದ. “ಚಾಚಾ, ಸೀಲ್ ನಿಮ್ಮ ಮುಂದೇ ಒಡದೀನ್ರಿ. ಅದು ಹುಟ್ಟಿದ್ದೇ ಹಂಗ.” ಹುಟ್ಟುತ್ತಲೇ ಅರ್ಧ ಹಲ್ಲು ಇಲ್ಲದ ಜಾತಿಯನ್ನು ನಾನು ನೋಡಿಲ್ಲ ಎಂದೆ. ಆಗ ಮೂಲೆಯಲ್ಲಿ ಪ್ರಿಂಟರ್ ರಿಪೇರಿಗೆ ತಂದು ಕುಳಿತಿದ್ದ ಒಬ್ಬ ಎದ್ದು ಬಂದ. ಹೆಸರು ಅಯ್ಯುಬ. ಇವನ ಅಪ್ಪ ಭಾಲ್ಕಿ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದನಂತೆ. “ಬಡೇಮಿಯಾ, ಇದು ಮುದಿ ಅಂತ ಅಷ್ಟು ಭರವಸಾ ಇದ್ರ ಶರತ್ತು ಹಚ್ರಿ,” ಎಂದು ತನ್ನ ಹೆಗಲ ಟವೆಲ್ಲು ತೆಗೆದು ಬಲಗೈ ಮೇಲೆ ಹೊದಿಸಿ ನನ್ನ ಮುಂದೆ ಹಿಡಿದ.

ನಿನಗೆ ಈ ಪದ್ಧತಿ ಗೊತ್ತಿಲ್ಲದಿರಬಹುದು. ಸಂತೆಯಲ್ಲಿ ದೊಡ್ಡ ವ್ಯಾಪಾರ ಬಾಯಿಯಿಂದ ಆಗುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಎಷ್ಟಕ್ಕೆ ಮುಗಿಯಿತು ಎಂದು ಆ ಎರಡು ಕೈಗಳಿಗೆ ಮಾತ್ರ ಗೊತ್ತು, ಸುತ್ತ ನಿಂತವರು ಮುಖ ನೋಡಿ ಊಹಿಸಬೇಕು ಅಷ್ಟೇ. ಟವೆಲ್ಲು ಹಿಡಿದವನ ಎದುರು ಕೈ ಹಿಂದೆ ತೆಗೆದರೆ ಮರ್ಯಾದೆ ಉಳಿಯುವುದಿಲ್ಲ. ನಾನು ಕೈ ಒಳಗೆ ಹಾಕಿದೆ. ಕಂಪ್ಯೂಟರಿನ ಬಣ್ಣದ ದೀಪಗಳ ನಡುವೆ ನಾವಿಬ್ಬರೂ ಟವೆಲ್ಲಿನ ಕೆಳಗೆ ಬೆರಳು ಒತ್ತುತ್ತ ನಿಂತದ್ದನ್ನು ಒಬ್ಬ ಕಾಲೇಜು ಹುಡುಗ ಫೋಟೋ ಹೊಡೆದ. ಯುನುಸ ಮಾತ್ರ, “ಚಾಚಾ, ಬ್ಯಾಡ್ರಿ, ಕೇಳ್ರಿ ನನ್ನ ಮಾತ,” ಎನ್ನುತ್ತಲೇ ಇದ್ದ. ಶರತ್ತು ಅಂಥದ್ದೇನೂ ದೊಡ್ಡದಲ್ಲ. ಒಂದು ಚಹಾ, ಒಂದು ಪ್ಲೇಟು ಭಜಿ, ಅಷ್ಟೇ ಎಂದು ತಿಳಿದುಕೋ.

ಪಂಚಾಯಿತಿ ಮಾಡಲು ಯಾರು ಬೇಕು ಎಂದಾಗ ನಾನೇ ಧೈರ್ಯದಿಂದ ಭಾಲ್ಕಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರ್ ಹಾಕಿದೆ. ಮಹಾಮಾಯಾ ಮೊದಲು, “ಕಾಕಾ, ನೀವು ಬೀದರದಾಗ ಅದೀರೇನು? ನಾಳಿ ಇಬ್ಬರೂ ಕೂಡಿ ಹೋಗಮು ಅಂದಿದ್ದೆವಲ್ಲ?” ಎಂದಳು. ಆ ಮಾತನ್ನು ದಾಟಿಸಿ ಹಲ್ಲಿನ ಸಂಗತಿ ಕೇಳಿದೆ. ಹಲ್ಲು ಎಂದರೆ ಯಾವುದು ಎಂದು ಅವಳು ನನ್ನಿಂದ ಎರಡು ಸಲ ಹೇಳಿಸಿಕೊಂಡಳು. ಆಮೇಲೆ, “ಅದು ಮುದಿ ಅಲ್ರಿ ಕಾಕಾ. ಚಾಲೀಸ್‌ಸಾಠ್‌ಕ್ಕ ಎಂಟೇ ಲೇನ್, ಅಂದ್ರ ಮಾಲು ಹೋಗಿಬರೋ ಹಾದಿ, ಕೊಟ್ಟಾರ, ತೀಸ್‌ಸಾಠ್‌ಕ್ಕ ಹದಿನಾರು. ಆ ಜಾತಿ ಎಲ್ಲಾ ಕಾರ್ಡ್ ಹಂಗೇ ಇರ್ತಾವ,” ಎಂದಳು. ಅಯ್ಯುಬ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡ.

ಇಲ್ಲಿ ನಿನ್ನ ಕಾಕಾ ಸೋತ ಎಂದು ನೀನು ನಗುತ್ತಿರಬಹುದು. ತಾಳು. ಮಹಾಮಾಯಾ ಅಷ್ಟಕ್ಕೇ ನಿಲ್ಲಿಸಲಿಲ್ಲ. “ಆದ್ರ ಕಾಕಾ, ಅದನ್ನ ತರಬ್ಯಾಡ್ರಿ,” ಎಂದಳು. ಭವನದ ಚಿತ್ರದಲ್ಲಿ ಗಿಡ, ಕುರ್ಚಿ, ದೀಪ, ಮಂದಿ ಎಲ್ಲ ಸೇರಿ ಹತ್ತೂವರೆ ಜಿಬಿ ಆಗಿದೆಯಂತೆ. ತಮ್ಮನ ಎಂಟರ ದೊಡ್ಡಿಯಲ್ಲಿ ಅದು ಹಿಡಿಸುವುದಿಲ್ಲ, ಅಣ್ಣನ ಹನ್ನೆರಡರಲ್ಲಿ ಹಿಡಿಸಿ ಜಾಗ ಉಳಿಯುತ್ತದೆ. ಚಿತ್ರ ಎಂಟರೊಳಗೆ ಇದ್ದಿದ್ದರೆ ತಮ್ಮನೇ ಮೊದಲು ಮುಗಿಸುತ್ತಿದ್ದ, ಹಿಡಿಸದಿದ್ದ ಮೇಲೆ ಓಟ ಏನು ಮಾಡುವುದು ಎಂದಳು. ನಿನ್ನ ಕಂಪ್ಯೂಟರ್ ಹಳೆಯದು, ಅದರಲ್ಲಿ ಒಂದೊಂದು ಲೇನಿನಲ್ಲಿ ಹೋಗುವ ಮಾಲೇ ಹೊಸದರ ಅರ್ಧ. ಅದಕ್ಕೆ ಎಂಟೇ ಲೇನಿನ ಕಾರ್ಡು ಹಾಕಿದರೆ ದೊಡ್ಡಿಯಲ್ಲಿ ಹಿಡಿಸದೆ ಹೊರಗುಳಿದದ್ದನ್ನು ತರಿಸಿಕೊಳ್ಳುವುದು ಇನ್ನೂ ತಡ ಎಂದೂ ಹೇಳಿದಳು. ನಾನು ಕೂಡಲೇ ಅಯ್ಯುಬನ ಕಡೆ ತಿರುಗಿ, “ಕೇಳಿದೇನಪಾ? ಹಲ್ಲು ಕಮ್ಮಿ ಇದ್ರ ಅಗಿಯೋದು ತಡಾ ಅಂತ ಅಕಿನೂ ಅಂದಳು,” ಎಂದೆ. ಸ್ಪೀಕರಿನಿಂದ ಮಹಾಮಾಯಾ, “ಕಾಕಾ, ನಿಮ್ಮ ಮಾತು ಅರ್ಧ ಖರೆ ಅದ,” ಎಂದಳು. ಅರ್ಧ ಹಲ್ಲಿನ ಮಾಲಿಗೆ ಅರ್ಧ ಖರೆ ಸಾಕು. ಯುನುಸ ನಕ್ಕು, “ಚಾಚಾ, ಕೆಲಸಕ್ಕ ಅಂತ ಮೊದಲೇ ಹೇಳಿದ್ರ ನಾನೂ ತೀಸ್‌ಸಾಠ್ ಅಂತಿದ್ದೆ,” ಎಂದ. ಎಲ್ಲರಿಗಿಂತ ಮೊದಲು ತಮ್ಮನನ್ನು ಬೇಡ ಎಂದವನು ನಾನು. ಇದಕ್ಕೆ ಇಡೀ ಅಂಗಡಿ ಸಾಕ್ಷಿ.

ಹೀಗೆ ಅಣ್ಣನನ್ನು ಹಿಡಿದೆ. ಯುನುಸನಿಗೆ ನನ್ನ ಮೇಲೆ ಎಷ್ಟು ಗೌರವ ಬಂತೆಂದರೆ, ನನ್ನ ಫೋನನ್ನು ತನ್ನ ಅಂಗಡಿಯಲ್ಲೇ ಬಿಟ್ಟು ಹೋಗಬೇಕು ಎಂದು ಒತ್ತಾಯ ಮಾಡಿದ. ಅವನ ಮನಸ್ಸು ಯಾಕೆ ನೋಯಿಸಬೇಕು ಎಂದು ಬಿಟ್ಟು ಬಂದೆ. ಆದ್ದರಿಂದ ನೀನು ನನ್ನ ನಂಬರಿಗೆ ಹಚ್ಚಿದರೆ ಅದು ಬಂದ್ ಇರುತ್ತದೆ, ಗಾಬರಿಯಾಗಬೇಡ. ಸಖುಬಾಯಿ ಕೇಳಿದಾಗ ಚಾರ್ಜಿಂಗಿಗೆ ಇಟ್ಟಿದ್ದೇನೆ ಎಂದಿದ್ದೇನೆ. ಇಷ್ಟು ದಿನ ಯಾವ ಫೋನು ಚಾರ್ಜ್ ಆಗುತ್ತದೆ ಎಂದು ಅವಳು ಇನ್ನೂ ಕೇಳಿಲ್ಲ.

ಭಾಲ್ಕಿಯಲ್ಲಿ ಮಹಾಮಾಯಾ ನನಗೆ ಬೈಯಲಿಲ್ಲ, ಕಾರ್ಡನ್ನು ಎರಡೂ ಕೈಯಲ್ಲಿ ಇಸಕೊಂಡು ತಿರುಗಿಸಿ ನೋಡಿದಳು. ಅಣ್ಣನಿಗೆ ಮೇವು ಹೆಚ್ಚು ಬೇಕಲ್ಲ, ಕರೆಂಟು ಕೊಡುವ ಡಬ್ಬಿ ಸಾಕಾಗುತ್ತದೋ ಎಂದು ನಾನೇ ಕೇಳಿದೆ. ಐನೂರಾ ಐವತ್ತು ವ್ಯಾಟಿನದು ಇದೆ, ಸಾಕು ಎಂದಳು. ಹಲ್ಲು ಗೂಡಿಗೆ ಕೂತು ಟಕ್ ಎಂದ ಸದ್ದು ಕೇಳಿ ನನ್ನ ಜೀವ ತಂಪಾಯಿತು. ಭವನದ ಚಿತ್ರ ತೆರೆದಳು. ದೊಡ್ಡಿ ತುಂಬುವುದನ್ನು ಒಂದು ಮೂಲೆಯಲ್ಲಿ ಪಟ್ಟಿಯ ಹಾಗೆ ತೋರಿಸುತ್ತದೆ. ಏಳು ದಾಟಿತು, ಎಂಟು ದಾಟಿತು. ಎಂಟು ದಾಟಿದಾಗ ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹತ್ತರ ಮೇಲೆ ಹೋಗಿ ನಿಂತಿತು. ಪರದೆಯ ಮೇಲೆ ಬೇವಿನ ಗಿಡದ ನೆರಳು ಭವನದ ಗೋಡೆಯ ಮೇಲೆ ಬಿತ್ತು. ಅಲ್ಲಿಂದ ಶನಿವಾರದವರೆಗೆ ಆ ಹುಡುಗಿ ಕುರ್ಚಿ ಬಿಟ್ಟು ಎದ್ದದ್ದು ಊಟಕ್ಕೆ ಮಾತ್ರ.

ಭಾನುವಾರ ಕಂಪ್ಯೂಟರಿನ ಡಬ್ಬಿಯನ್ನೇ ಜೀಪಿನಲ್ಲಿ ಔರಾದಕ್ಕೆ ಒಯ್ದೆವು. ನನ್ನ ಕಂಬಳಿಯಲ್ಲಿ ಸುತ್ತಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಆಗಲೇ ಹುಟ್ಟಿದ ಮರಿಯನ್ನು ತಂದ ಹಾಗೆ. ವಿಹಾರದ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿದ್ದರು. ಬೀದರದ ಕಂಪನಿಯವರು ಮೊದಲು ತೋರಿಸಿದರು. ಸುಳ್ಳು ಯಾಕೆ ಹೇಳಲಿ, ಚೆಂದ ಇತ್ತು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಹಿಂದೆ ಪಿಟೀಲು ನುಡಿಯುತ್ತಿತ್ತು. ಕಮಿಟಿಯ ಯಜಮಾನಿ ಕೌಸಲ್ಯಾಬಾಯಿ, ನಿನಗೆ ಗೊತ್ತಲ್ಲ, ಅಂಗನವಾಡಿಯಿಂದ ನಿವೃತ್ತಿಯಾದವಳು, ಕನ್ನಡಕ ಮೇಲೆ ಸರಿಸಿ, “ಭಾಳ ಚಂದ ಅದರಿ. ಆದ್ರ ಇದರಾಗ ನಮ್ಮ ಮಂದಿ ಎಲ್ಲಿ ಅದಾರ?” ಎಂದಳು. ಭವನ ಖಾಲಿ ಇತ್ತು. ಅವರು, ಮಂದಿ ಆಮೇಲೆ ಬರುತ್ತಾರೆ ಎಂದರು.

ಆಮೇಲೆ ನಮ್ಮ ಸರದಿ. ಮಹಾಮಾಯಾ ಬಾಗಿಲು ತೆರೆದು ಒಳಗೆ ಕರೆದೊಯ್ದಳು. ಒಳಗೆ ಮದುವೆ ನಡೆದಿತ್ತು. ಸಾಲು ಸಾಲು ಕುರ್ಚಿ, ಕುರ್ಚಿಯ ಮೇಲೆ ಜನ, ಮೂಲೆಯಲ್ಲಿ ನೀರಿನ ಡ್ರಮ್ಮು, ಕಿಟಕಿಯಿಂದ ಸಂಜೆಯ ಬಿಸಿಲು. ಕೌಸಲ್ಯಾಬಾಯಿ ಎದ್ದು ನಿಂತು, “ಊಟದ ಪಂಕ್ತಿ ಕುಂತರ ಬಡಿಸೋರಿಗಿ ಹಾದಿ ಉಳಿತದೇನು?” ಎಂದಳು. ಮಹಾಮಾಯಾ ಅಲ್ಲೇ ಕುರ್ಚಿಗಳನ್ನು ಸರಿಸಿ ಪಂಕ್ತಿ ಹಾಸಿದಳು. ಉಳಿಯಲಿಲ್ಲ. ನಡುವಿನ ಕಂಬ ಅಡ್ಡ ಬರುತ್ತಿತ್ತು. ಅಂಗಳದಲ್ಲಿ ಗುಸುಗುಸು ಎದ್ದಿತು. ಅವಳು ಹೆದರಲಿಲ್ಲ, ಕಂಬವನ್ನು ಗೋಡೆಯ ಕಡೆ ಎಳೆದಳು, ಮೇಲಿನ ತೊಲೆ ದಪ್ಪ ಮಾಡಿದಳು, ತೊಲೆಯ ಲೆಕ್ಕ ಮಲ್ಲೇಶ್ವರಿ ಬಂದು ನೋಡಬೇಕು ಎಂದೂ ಹೇಳಿದಳು. ಅಷ್ಟು ಮಂದಿ, ಅಷ್ಟು ಕುರ್ಚಿ, ಅಷ್ಟು ಗಿಡ ಹೊತ್ತುಕೊಂಡೇ ಅಣ್ಣ ಇದನ್ನೆಲ್ಲ ಕಣ್ಣೆದುರು ಮಾಡಿದ, ಒಮ್ಮೆಯೂ ತಡವರಿಸಲಿಲ್ಲ. ಫ್ಯಾನು ಮಾತ್ರ ದಿಬ್ಬ ಏರುವ ಎತ್ತಿನ ಹಾಗೆ ಬುಸುಗುಟ್ಟುತ್ತಿತ್ತು. ಕೊನೆಗೆ ಕೌಸಲ್ಯಾಬಾಯಿ, “ನಾ ಎಲ್ಲಿ ಕುಂದರ್ತೀನಿ, ಅದು ತೋರಸು,” ಎಂದಳು. ಮಹಾಮಾಯಾ ಅವಳನ್ನು ಮೊದಲ ಸಾಲಿಗೆ ಕರೆದೊಯ್ದು, ಅಲ್ಲಿ ಕುಳಿತರೆ ವೇದಿಕೆ ಹೇಗೆ ಕಾಣುತ್ತದೆ ಎಂದು ತೋರಿಸಿದಳು. ಆ ಮುದುಕಿ ಬಹಳ ಹೊತ್ತು ಆ ಬಿಳಿ ಬಟ್ಟೆ ನೋಡುತ್ತ ನಿಂತಳು. “ನಮ್ಮ ಮಂದಿ ಮದುವಿ ಇಲ್ಲೀತನಾ ರಸ್ತಾದ ಮ್ಯಾಲೇ ಆಗ್ಯಾವ,” ಎಂದು ಮೆಲ್ಲಗೆ ಹೇಳಿ, ಹಿಂದೆ ಕುಳಿತವರ ಕಡೆ ತಿರುಗಿ ಕೈ ಎತ್ತಿದಳು. ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು.

ಕೆಲಸ ನಿನ್ನದಾಯಿತು ಮಗಳೇ. ಔರಾದದ ಸಮುದಾಯ ಭವನ ನೀನು ಕಟ್ಟಿಸುತ್ತೀ. ಬೀದರದ ಕಂಪನಿಯವರೇ ಬಂದು ಮಹಾಮಾಯಾಳ ಕೈ ಕುಲುಕಿ, ಯಾವ ಕಾರ್ಡು ಎಂದು ಕೇಳಿದರು. ಅವಳು ಉತ್ತರಿಸುವ ಮೊದಲು ನಾನೇ, “ತುಂಬು ಬಾಯಿದು,” ಎಂದೆ. ನಾನು ಅಂಗಳದ ನಡುವೆ ನಿಂತು ಮೀಸೆ ತಿರುವಿದ್ದು ನಿಜ, ಆದರೆ ಕುಣಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡ, ಕಾಲು ಜೋಮು ಹಿಡಿದಿತ್ತು. ಮುಂಗಡದ ಚೆಕ್ಕನ್ನು ಅಲ್ಲೇ ಬರೆದರು. ಮನೆಯ ಹಿರಿಯ ಎಂದು ನಾನು ಕೈ ಚಾಚಿದೆ. ಕೌಸಲ್ಯಾಬಾಯಿ ಅದನ್ನು ಮಡಚಿ ತನ್ನ ಪಾಕೀಟಿನಲ್ಲಿ ಇಟ್ಟುಕೊಂಡು, “ಮಡೆಪ್ಪಣ್ಣಾ, ನಿಮ್ಮ ಕೈ ಭಾಳ ಉದ್ದ ಅದ. ಇದು ಮಲ್ಲೇಶ್ವರಿ ಹೆಸರಿಲೆ ಅದ, ಅಕಿ ಬಂದ ಮ್ಯಾಲ ಅಕಿ ಕೈಯಾಗೇ ಕೊಡ್ತೀನಿ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ಏನು ಮಾಡಲು ಬರುತ್ತಿತ್ತು?

ವೈನಿಗೆ ಈ ಪತ್ರ ಓದಿ ಹೇಳು, ಕುಣಿತದ ಮಾತು ಬಿಟ್ಟು. ನೀನು ದುಡಿದು ಗೆದ್ದವಳು, ನಾನು ದಾರಿಯಲ್ಲಿ ಸ್ವಲ್ಪ ಭಾರ ಹೊತ್ತವನು. ಇಷ್ಟು ಸಣ್ಣವನಾಗಿ ನಾನು ಮತ್ತೆ ಯಾವ ಪತ್ರದಲ್ಲೂ ಬರೆಯುವುದಿಲ್ಲ, ಇದನ್ನು ಜೋಪಾನ ಇಟ್ಟುಕೋ. ಸಖುಬಾಯಿ ನಿಮ್ಮಿಬ್ಬರನ್ನೂ ಕೇಳಿದ್ದಾಳೆ. ನಿನ್ನ ಗೋಡೆಗಳು ಗಟ್ಟಿ ನಿಲ್ಲಲಿ, ನಿಮ್ಮವ್ವನ ಕಾಲು ಅದಕ್ಕಿಂತ ಗಟ್ಟಿ ನಿಲ್ಲಲಿ.

ನಿನ್ನ ಕಾಕಾ,
ಮಡೆಪ್ಪ
(ಕಾರ್ಡು ಪರೀಕ್ಷಕ, ಚಿಂತಾಕಿ)

ತಾ.ಕ.: ಬೆಳಗಾಯಿತು, ನಿಜಾಮೋದ್ದೀನ ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಸಾಲುಗಳನ್ನು ವೈನಿಗೆ ಓದಬೇಡ. ಶರತ್ತು ಚಹಾ ಭಜಿಯದಲ್ಲ. ಅಯ್ಯುಬನಿಗೆ ಅಲ್ಲೇ ಎಣಿಸಿ ಕೊಟ್ಟದ್ದು ನೀನು ಕಾರ್ಡಿಗೆಂದು ಇಟ್ಟ ದುಡ್ಡಿನಿಂದ. ಕಮ್ಮಿ ಬಿದ್ದದ್ದಕ್ಕೆ ಯುನುಸ ಫೋನು ಒತ್ತೆ ಇಟ್ಟುಕೊಂಡು ಕಾರ್ಡು ಕೊಟ್ಟ, ಆ ಹುಡುಗ ಒಳ್ಳೆಯವನು. ಚೆಕ್ಕು ನನ್ನ ಕೈಗೆ ಬಂದಿದ್ದರೆ ಅದನ್ನು ಯುನುಸನಿಗೆ ತೋರಿಸಿ ಫೋನು ಬಿಡಿಸಿಕೊಳ್ಳುತ್ತಿದ್ದೆ, ಇದು ನಿನ್ನ ಕಿವಿಗೆ ಬೀಳುತ್ತಿರಲಿಲ್ಲ. ನೀನು ಬಂದ ಕೂಡಲೇ ಮೊದಲು ಯುನುಸನ ಬಾಕಿ ತೀರಿಸು, ಅವನು ಅಣ್ಣನನ್ನು ವಾಪಸ್ಸು ಕೇಳಿದರೆ ಇಲ್ಲ ಎನ್ನಲು ಬಾಯಿಲ್ಲ. ಯುಗಾದಿಗೆ ಟಗರು ಮಾರಿ ನಾನು ನಿನಗೆ ತುಂಬಿಕೊಡುತ್ತೇನೆ. ಶರತ್ತು ಎಷ್ಟರದು ಎಂದರೆ, ಸಖುಬಾಯಿಗೆ ಇನ್ನೂರು ರೂಪಾಯಿ ಎಂದು ಹೇಳಿದ್ದೇನೆ, ಮಹಾಮಾಯಾಗೆ ಸಾವಿರ ಎಂದಿದ್ದೇನೆ. ನಿನಗೆ ಹೇಳುತ್ತೇನೆ, ಐದು ಸಾವಿರ. ಐದು ಬೆರಳು ನಾನು ಒತ್ತಿದೆ, ಅವನು ಮೇಲೆ ಎರಡು ಒತ್ತಿದ, ನಾನು ಕೈ ಬಿಡಿಸಿಕೊಳ್ಳಲಿಲ್ಲ. ಏಳು. ಏಳು ಸಾವಿರ ಮಗಳೇ.